ಹೊರಬೀಡಿನ ದಿನ ಗುಡಿಸಿದವಳು

ಊರಿಗೆ ಹೊರಟವರ ಬೆನ್ನ ಹಿಂದೆ ಕಸ ಗುಡಿಸಬಾರದು ಎನ್ನುವುದನ್ನು ಭವಾನಿಗೆ ಯಾರೂ ಕೂಡ್ರಿಸಿಕೊಂಡು ಕಲಿಸಿದ್ದಲ್ಲ. ಕೊಪ್ಪಳದ ಅವರ ಬಾಡಿಗೆ ಮನೆಯಿಂದ ಯಾರಾದರೂ ಚೀಲ ಹಿಡಿದು ಹೊರಬಿದ್ದರೆ ಸಾಕು, ಅವಳ ತಾಯಿ ಶಿವಬಸಮ್ಮ ಕಸಬರಿಗೆಯನ್ನು ಬಾಗಿಲ ಸಂದಿಗೆ ಸೇರಿಸಿಬಿಡುತ್ತಿದ್ದಳು. ಹೋದವರು ಮುಟ್ಟಿದೆವೆಂದು ಫೋನು ಮಾಡುವವರೆಗೆ ನೆಲದ ಮೇಲೆ ಅನ್ನ ಚೆಲ್ಲಿದರೂ ಕೈಯಿಂದಲೇ ಬಳಿಯಬೇಕು. ಬೆನ್ನ ಹಿಂದೆ ಗುಡಿಸುವುದು ಹೆಣ ಎತ್ತಿದ ಮೇಲೆ ಮಾತ್ರ. ಹೋದ ಜೀವ ಮತ್ತೆ ಈ ಹೊಸ್ತಿಲ ಕಡೆ ಹೊರಳುವುದು ಬೇಡ ಎಂದು ಗುಡಿಸುವ ಕಸ ಅದು.

ಭವಾನಿಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಆದರೆ ಮಂದಿಯನ್ನು ಹೆದರಿಸುವುದಕ್ಕೆ ನಮಗೆ ನಂಬಿಕೆ ಇರಬೇಕೆಂದೇನೂ ಇಲ್ಲವಲ್ಲ, ಅವರು ಏನು ನಂಬುತ್ತಾರೆ ಅಂತ ಗೊತ್ತಿದ್ದರೆ ಆಯಿತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳ ಹೊಟ್ಟೆಪಾಡು ಮದುವೆ ವಿಡಿಯೋ ಎಡಿಟ್ ಮಾಡುವುದು. ಬಸ್‌ಸ್ಟ್ಯಾಂಡ್ ಹತ್ತಿರದ ಫೋಟೋ ಸ್ಟುಡಿಯೋ ಒಂದರ ಹಿಂದಿನ ಕೋಣೆಯಲ್ಲಿ ಕೂತು, ಬೀಗರ ತಲೆಯ ಮೇಲೆ ಗುಲಾಬಿ ದಳ ಉದುರಿಸಿ, ಮದುಮಕ್ಕಳನ್ನು ಹೃದಯದ ಆಕಾರದೊಳಗೆ ತುರುಕಿ ಅವಳಿಗೆ ಜೀವ ಸಾಕಾಗಿ ಹೋಗಿತ್ತು. ಅಂಥ ದಿನಗಳಲ್ಲೇ ಎಲ್ಲರ ಫೋನಿಗೂ ಬಂದಂತೆ ಅವಳ ಫೋನಿಗೂ ಆ ತುಣುಕು ಬಂತು. ಹೊರಬೀಡಿನ ದಿನದ ಯಾವುದೋ ಊರು. ಹೊರಬೀಡೆಂದರೆ ಊರಿಗೆ ಊರೇ ನಸುಕಿನಲ್ಲಿ ಮನೆಗಳಿಗೆ ಕೀಲಿ ಹಾಕಿ, ಅಗಸಿ ಬಾಗಿಲಿಗೆ ಮುಳ್ಳು ಎಳೆದು, ಮಕ್ಕಳು ಮರಿ ದನಕರುಗಳ ಸಮೇತ ಹೊಲಕ್ಕೆ ಹೋಗಿ ಸಂಜೆಯವರೆಗೆ ಅಲ್ಲೇ ಇರುವುದು. ಅಷ್ಟು ಹೊತ್ತು ಊರು ದ್ಯಾಮವ್ವನಿಗೆ ಬಿಟ್ಟದ್ದು, ಒಳಗೆ ಒಂದು ನರಪಿಳ್ಳೆಯೂ ಇರಕೂಡದು. ಆ ತುಣುಕಿನಲ್ಲಿ ಮಟಮಟ ಮಧ್ಯಾಹ್ನದ ಬಿಸಿಲು, ಖಾಲಿ ಓಣಿ, ದೂರದಲ್ಲಿ ಒಬ್ಬ ಹೆಂಗಸು ಬೆನ್ನು ತಿರುಗಿಸಿಕೊಂಡು ಒಂದು ಮನೆಯ ಅಂಗಳ ಗುಡಿಸುತ್ತಿದ್ದಳು. ಕೆಳಗೆ ಯಾರೋ ಬರೆದಿದ್ದರು: ಈಕೆ ಯಾರ ಅಂಗಳ ಗುಡಿಸುತ್ತಾಳೋ ಆ ಮನೆಯಿಂದ ಹೋದವರು ಬಹಳ ದಿನ ಉಳಿಯುವುದಿಲ್ಲ.

ಆ ಊರು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಯಲಬುರ್ಗಾ ಕಡೆಯದು ಎನ್ನುವವರು ಎಷ್ಟೋ, ಕುಷ್ಟಗಿ ಕಡೆಯದು ಎನ್ನುವವರು ಅಷ್ಟೇ. ಗಂಗಾವತಿಯವನೊಬ್ಬ, ತನ್ನ ಅತ್ತೆಯ ಊರಿನದೇ, ತಾನೇ ಕಣ್ಣಾರೆ ಕಂಡಿದ್ದೇನೆ ಎಂದು ಆಣೆ ಮಾಡಿ ಬರೆದಿದ್ದ. ಇಂಥ ಸುದ್ದಿಗೆ ಕಣ್ಣಾರೆ ಕಂಡವರ ಬರ ಎಂದೂ ಇರುವುದಿಲ್ಲ.

ಭವಾನಿ ಆ ತುಣುಕನ್ನು ನೋಡಿ ಹೆದರಲಿಲ್ಲ, ಅವಳಿಗೆ ಹೊಟ್ಟೆಕಿಚ್ಚಾಯಿತು. ಇಂಥದ್ದನ್ನು ತಾನು ಮಾಡಬೇಕಿತ್ತಲ್ಲ ಅನ್ನಿಸಿತು.

ಚಿಕ್ಕಮ್ಮನ ಮಗ ಗವಿಸಿದ್ದೇಶ ಗಿಣಿಗೇರಾದ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವನು. ಕ್ಯಾಮೆರಾ ಎಂದರೆ ಅವನಿಗೆ ಊಟ ಬೇಡ, ನಿದ್ದೆ ಬೇಡ. ಇಬ್ಬರೂ ಕೂಡಿ ‘ಖಾಲಿ ಊರು’ ಎಂಬ ಸರಣಿಯನ್ನು ಯೂಟ್ಯೂಬಿನಲ್ಲಿ ಬಿಡುವುದೆಂದು ಮಾತಾಯಿತು. ಎಲ್ಲ ಯಾರದೋ ಕಳೆದುಹೋದ ಫೋನಿನಲ್ಲಿ ಸಿಕ್ಕ ವಿಡಿಯೋ ಎಂಬಂತೆ ಇರಬೇಕು. ಕ್ಯಾಮೆರಾ ನಡುಗಬೇಕು, ಮಾಡಿದವರ ಹೆಸರು ಎಲ್ಲೂ ಕಾಣಬಾರದು, ಇದು ನಾಟಕ ಎಂದು ಅಪ್ಪಿತಪ್ಪಿಯೂ ಹೇಳಬಾರದು. ಅದಕ್ಕೆ ನಿಜವಾಗಿಯೂ ಖಾಲಿಯಾದ ಊರೇ ಬೇಕಿತ್ತು, ಮತ್ತು ಅದು ಅವರ ಕೈಯಳತೆಯಲ್ಲೇ ಇತ್ತು. ಬೇವೂರಿನಿಂದ ಒಳಗೆ ಹೋದರೆ ಕರಿಗುಡ್ಡ, ಶಿವಬಸಮ್ಮನ ತವರು. ಅಲ್ಲಿ ಅವಳ ಅಣ್ಣ ಕಳಕಪ್ಪ ಇದ್ದ. ಆಷಾಢದಲ್ಲಿ ಅಲ್ಲಿ ಹೊರಬೀಡು.

ತಾಯಿಯ ಜೊತೆ ಇಬ್ಬರೂ ಹಿಂದಿನ ದಿನವೇ ಹೋದರು. ಕಳಕಪ್ಪನಿಗೆ ಎಲ್ಲಿಲ್ಲದ ಖುಷಿ. ಪೇಟೆಯ ಮಕ್ಕಳು ಇಂಥದ್ದಕ್ಕೆಲ್ಲ ಬರುವುದಿಲ್ಲ, ನನ್ನ ತಂಗಿಯ ಮಕ್ಕಳು ಬಂದಿದ್ದಾರೆ ಎಂದು ಕಂಡಕಂಡವರ ಮುಂದೆ ಹೇಳಿಕೊಂಡ. ಬೆಳಿಗ್ಗೆ ಎಲ್ಲರ ಜೊತೆ ಹೊಲಕ್ಕೆ ಹೋಗಿ, ರೊಟ್ಟಿ ತಿಂದು, ಬೇವೂರಿಗೆ ಹೋಗಿ ಬರುತ್ತೇವೆಂದು ಸುಳ್ಳು ಹೇಳಿ, ಹಿತ್ತಲ ದಾರಿಯಿಂದ ಮುಳ್ಳು ಸರಿಸಿಕೊಂಡು ಇಬ್ಬರೂ ಊರೊಳಗೆ ನುಸುಳಿದರು.

ಮನುಷ್ಯರಿಲ್ಲದ ಊರು ಭವಾನಿ ಎಣಿಸಿದ್ದಕ್ಕಿಂತ ಬೇರೆ ಇತ್ತು. ಒಂದು ನಾಯಿಯೂ ಇರಲಿಲ್ಲ. ಬಿಸಿಲು ಬಾಗಿಲುಗಳ ಮೇಲೆ ಬಿದ್ದು ಹಿತ್ತಾಳೆಯ ಕೀಲಿಗಳು ಮಿಂಚುತ್ತಿದ್ದವು. ಗವಿಸಿದ್ದೇಶ ಸುಮ್ಮಸುಮ್ಮನೆ ಕೆಮ್ಮುತ್ತಿದ್ದ. ಅವಳಿಗೂ ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಅದು ಸಿಕ್ಕಿಬಿದ್ದರೆ ಎಂಬ ದಿಗಿಲು, ಬೇರೇನಲ್ಲ ಎಂದುಕೊಂಡಳು. ಅಜ್ಜಿಯ ಹಸಿರು ಇಳಕಲ್ ಸೀರೆ ಉಟ್ಟು, ಸೆರಗನ್ನು ತಲೆತುಂಬ ಹೊದ್ದು, ಕಸಬರಿಗೆ ಹಿಡಿದು ನಿಂತಳು.

ಮೊದಲ ಸಲ ಗುಡಿಸಿದ್ದನ್ನು ನೋಡಿ ಗವಿಸಿದ್ದೇಶ ಮೂಗು ಮುರಿದ. “ಅಕ್ಕಾ, ಸ್ಟುಡಿಯೋದಾಗಿನ ಹುಡುಗಿ ಕಸಾ ಹೊಡದಂಗ ಐತಿ. ಅಂಜಿಕಿ ಬರವಲ್ದು.”

ಭವಾನಿ ಯೋಚಿಸಿದಳು. ಆಗ ಅವಳಿಗೆ ಈ ಊರಲ್ಲಿ ದಿನಾ ಗುಡಿಸುವ ಹೆಂಗಸು ನೆನಪಾದಳು. ಶಾಲೆಯ ಅಂಗಳ, ಗುಡಿಯ ಮುಂದು ಗುಡಿಸುವ ಫಕೀರಮ್ಮ. ಸೊಂಟದ ನೋವಿನಿಂದ ಅವಳು ಎಡಗೈಯನ್ನು ಬೆನ್ನ ಹಿಂದಿಟ್ಟು, ಒಂದು ಮಗ್ಗುಲಿಗೆ ವಾಲಿ, ಕಾಲೆಳೆದು ಗುಡಿಸುತ್ತಿದ್ದಳು. ಭವಾನಿ ರಜೆಗೆ ಬಂದಾಗಲೆಲ್ಲ ಅದನ್ನು ನೋಡಿದವಳೇ. ಎಡಗೈ ಹಿಂದಿಟ್ಟು, ವಾಲಿ, ಕಾಲೆಳೆದಳು. ಗವಿಸಿದ್ದೇಶ ಕ್ಯಾಮೆರಾದ ಹಿಂದಿನಿಂದ “ಯಪ್ಪಾ” ಎಂದ. ಅಷ್ಟು ಚೆನ್ನಾಗಿ ಬಂದಿತ್ತು.

ಅಂದು ಅವಳು ಗುಡಿಸಿದ್ದು ಅಂದವಾಗಿ ಕಂಡ ಅಂಗಳಗಳನ್ನು. ನೀಲಿ ಬಾಗಿಲಿನ ಮನೆಯೊಂದು ಅವಳಿಗೆ ಭಾಳ ಹಿಡಿಸಿತು. ಮಾಮ ಕಳಕಪ್ಪನ ದೊಡ್ಡ ಅಂಗಳವನ್ನಂತೂ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉಸಿರಿನಲ್ಲಿ ಗುಡಿಸಿದಳು. ಅದನ್ನು ಕೊನೆಯ ಕಂತಿಗೆಂದು ತೆಗೆದಿಟ್ಟುಕೊಂಡರು.

ಸರಣಿ ಶ್ರಾವಣದಲ್ಲಿ ಶುರುವಾಯಿತು. ಮೊದಲ ಕಂತನ್ನು ನೋಡಿದವರು ಅವರ ಗೆಳೆಯರೇ. ಮೂರನೆಯ ಕಂತಿನ ಹೊತ್ತಿಗೆ ಸ್ಟುಡಿಯೋಕ್ಕೆ ಮದುವೆಯ ಮಾತಾಡಲು ಬಂದವರೂ ಅದರ ಬಗ್ಗೆ ಪಿಸುಗುಟ್ಟುತ್ತಿದ್ದರು. ಭವಾನಿ ಕಂಪ್ಯೂಟರಿನ ಮುಂದೆ ತಲೆ ಬಗ್ಗಿಸಿ ಒಳಗೊಳಗೇ ಹಿಗ್ಗಿದಳು. ನಾನೇ ಅದು ಎಂದು ಕೂಗಿ ಹೇಳಬೇಕೆನಿಸುತ್ತಿತ್ತು, ಹೇಳದೆ ಇರುವುದರ ರುಚಿ ಇನ್ನೂ ದೊಡ್ಡದಿತ್ತು. ಅಷ್ಟು ದಿನ ಮಂದಿಯ ಮದುವೆಗೆ ಹೂ ಉದುರಿಸಿದವಳಿಗೆ ಅದೊಂದು ಹಬ್ಬವೇ ಆಗಿತ್ತು.

ಮಂದಿಗೆ ಕೆಲಸವಿಲ್ಲವೆಂದರೆ ಎಷ್ಟು ಕೆಲಸ ಮಾಡುತ್ತಾರೆ ನೋಡಿ. ಒಬ್ಬ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ, ಹಿಂದೆ ಕಂಡ ವಾಲಿದ ನೀರಿನ ಟಾಕಿಯನ್ನು ಹಿಡಿದು, ಇದು ಕರಿಗುಡ್ಡ ಎಂದು ಪತ್ತೆ ಹಚ್ಚಿದ. ಭಾನುವಾರಗಳಲ್ಲಿ ಬೈಕುಗಳು ಬರತೊಡಗಿದವು. ಬಂದವರು ಓಣಿಗಳಲ್ಲಿ ಫೋನು ಹಿಡಿದು ಸುತ್ತುವಾಗ, ಗುಡಿಯ ಮುಂದೆ ಎಡಗೈ ಬೆನ್ನಿಗಿಟ್ಟು, ಒಂದು ಮಗ್ಗುಲಿಗೆ ವಾಲಿ, ಕಾಲೆಳೆದು ಗುಡಿಸುತ್ತಿದ್ದ ಮುದುಕಿಯನ್ನು ಕಂಡರು.

ಫಕೀರಮ್ಮನ ವಿಡಿಯೋ ಅಂದೇ ಸಂಜೆ ಎಲ್ಲ ಕಡೆ ಹರಡಿತು. “ಇವಳೇ” ಎಂದು ಮೇಲೆ ಬರೆದಿತ್ತು. ಅದರಲ್ಲಿ ಒಬ್ಬ ಹುಡುಗ, “ಆಂಟಿ, ಇತ್ತಾಗ ತಿರುಗ್ರಿ, ಮಾರಿ ತೋರಸ್ರಿ” ಎನ್ನುತ್ತಿದ್ದ. ಆಕೆ ಏನೂ ತಿಳಿಯದೆ ತಿರುಗಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಕ್ಕಿದ್ದಳು.

ಆ ನಗೆಯನ್ನು ಭವಾನಿ ಮತ್ತೆ ಮತ್ತೆ ಹಾಕಿ ನೋಡಿದಳು. ಆದರೂ ನಾಲ್ಕು ದಿನಕ್ಕೆ ಮಂದಿ ಮರೆಯುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಮುಂದಿನ ಕಂತು ಬಿಟ್ಟಳು. ಇದನ್ನು ಮುಚ್ಚಿಟ್ಟು ಅವಳನ್ನು ಒಳ್ಳೆಯವಳನ್ನಾಗಿ ಮಾಡುವುದು ನನ್ನಿಂದಾಗದು. ಬಿಟ್ಟಳು, ಅಷ್ಟೇ.

ಆಮೇಲೆ ಕೊಟ್ರೇಶ ಸತ್ತ. ನೀಲಿ ಬಾಗಿಲಿನ ಮನೆಯ ಹುಲಗಮ್ಮನ ಒಬ್ಬನೇ ಮಗ, ಬೆಳಿಗ್ಗೆ ಬೈಕಿನಲ್ಲಿ ಕುಷ್ಟಗಿಗೆ ಹೋದವನನ್ನು ದಾರಿಯಲ್ಲಿ ಲಾರಿ ಹೊಡೆಯಿತು. ದೀಪಾವಳಿ ಕಳೆದು ಒಂದು ವಾರವಾಗಿತ್ತು. ಅವನು ಹೊರಟಾಗ ಗುಡಿಯ ಮುಂದೆ ಫಕೀರಮ್ಮ ಕಸ ಗುಡಿಸುತ್ತಿದ್ದಳು. ದಿನಾ ಗುಡಿಸುವವಳು ಅಂದೂ ಗುಡಿಸಿದ್ದಳು. ಆದರೆ ಖಾಲಿ ಊರಿನ ಎರಡನೆಯ ಕಂತಿನಲ್ಲಿ ನೀಲಿ ಬಾಗಿಲಿನ ಅಂಗಳ ಇತ್ತು, ಅದನ್ನು ಊರೆಲ್ಲ ನೋಡಿತ್ತು.

ಸುದ್ದಿ ಹೇಳಿದವನು ಕಳಕಪ್ಪ. ಭವಾನಿ ಸ್ಟುಡಿಯೋದಲ್ಲಿದ್ದಾಗಲೇ ಫೋನು ಬಂತು.

“ಭವಾನಿ, ನೀ ಈ ವಿಡಿಯೋ ಕೆಲಸದಾಗ ಇದ್ದಾಕಿ. ಆ ಖಾಲಿ ಊರು ಅನ್ನೂದನ್ನ ಯಾರು ಬಿಡಾಕ ಹತ್ಯಾರ ಅಂತ ಏನರ ಗೊತ್ತಾಗತೈತೇನವಾ?”

“ಯಾಕ ಮಾಮಾ?”

“ಫಕೀರವ್ವನ್ನ ಸಾಲಿಗೆ ಬರಬ್ಯಾಡ ಅಂದಾರ. ಗಿರಣ್ಯಾಗ ಅಕಿ ಜ್ವಾಳ ಬೀಸವಲ್ರು. ನೀರು ತರಾಕ ಹೋದ್ರ ಹೆಣ್ಮಕ್ಕಳು ಬಾಗಲಾ ಮುಚ್ಚತಾರ. ಸೋಮವಾರ ದೈವ ಕೂಡತೈತಿ. ಊರು ಬಿಡಸ್ತಾರವಾ ಅಕಿನ್ನ.”

“ಅಕಿ ಅಲ್ಲ ಅಂತ ಯಾರೂ ಹೇಳವಲ್ರೇನು? ಹೊರಬೀಡಿನ ದಿನ ಅಕಿನೂ ಹೊರಗ ಇದ್ದಳಲ್ಲ.”

“ಜ್ವರಾ ಬಂದು ದೂರ ಬೇವಿನ ಗಿಡದ ಕೆಳಗ ಮಲಗಿದ್ದಳಂತ. ಅವರ ಓಣಿಯವರು ಹೇಳ್ತಾರ, ಇವರು ಕೇಳವಲ್ರು.”

ಅವರ ಓಣಿಯವರು ಹೊರಬೀಡಿನ ದಿನವೂ ಬೇರೆಯೇ ಬಿಡಾರ ಹೂಡುವವರು. ಅವರ ಮಾತಿಗೆ ಊರ ಹಿರಿಯರು ಪಂಚಾಯ್ತಿ ಕೂಡುವ ದೈವದ ಕಟ್ಟೆಯ ಮೇಲೆ ತೂಕ ಕಡಿಮೆ. ಅದನ್ನು ಕಳಕಪ್ಪ ಬಾಯಿಬಿಟ್ಟು ಹೇಳಲಿಲ್ಲ, ಭವಾನಿಗೆ ಹೇಳಬೇಕಾಗಿಯೂ ಇರಲಿಲ್ಲ.

ಗವಿಸಿದ್ದೇಶ ಪಾಳಿ ಮುಗಿಸಿ ಬಂದವನು ಮುಖ ತೊಳೆಯುವ ಮೊದಲೇ ನಿಜ ಹೇಳಿಬಿಡುವ ವಿಷಯಕ್ಕೆ ಇಬ್ಬರಿಗೂ ಜಗಳವಾಯಿತು.

“ಹೇಳಿದ್ರ ಮುಗೀತಕ್ಕಾ,” ಎಂದ ಅವನು. “ಸಿಕ್ಕ ವಿಡಿಯೋ ಅಂತ ನಂಬಿ ನೋಡಾಕ ಹತ್ಯಾರ ಮಂದಿ. ನಾಟಕ ಅಂದಮ್ಯಾಲೆ ಯಾಂವ ನೋಡ್ತಾನ? ಅದೂ ಅಲ್ಲದ ಹೊರಬೀಡು ಮುರದೀವಿ ನಾವು. ಮಾಮಾ ಊರಾಗ ತಲಿ ಎತ್ತಿ ಅಡ್ಡ್ಯಾಡಬೇಕೋ ಬ್ಯಾಡೋ?”

“ಅಕಿನ್ನ ಊರು ಬಿಡಸ್ತಾರೋ ಗವಿ. ಅಕಿ ನಡಿಗಿ ಕದ್ದಾಕಿ ನಾನು.”

“ಕೆಳಗ ಬರದುಬಿಡೂಣು, ಇದು ಕಾಲ್ಪನಿಕ ಅಂತ. ಆತಿಲ್ಲ?”

ಬರೆದರು. ದಪ್ಪ ಅಕ್ಷರದಲ್ಲಿ, ಎಲ್ಲ ಕಂತುಗಳ ಕೆಳಗೂ. ಒಂದು ತಾಸಿನಲ್ಲಿ ಉತ್ತರಗಳು ಬಂದು ಬಿದ್ದವು. ಹೆದರಿಸಿ ಬರೆಸಿದ್ದಾರೆ ಎಂದ ಒಬ್ಬ. ಆಕೆ ಇವರ ಮನೆಗೂ ಬಂದು ಗುಡಿಸಿದ್ದಾಳೆ, ಅದಕ್ಕೇ ಉಲ್ಟಾ ಹೊಡೆಯುತ್ತಿದ್ದಾರೆ ಎಂದ ಮತ್ತೊಬ್ಬ. ಸುಳ್ಳನ್ನು ನಿಜವೆಂದು ನಂಬಿಸುವುದು ಅವರಿಗೆ ಬಂದಿತ್ತು, ನಿಜವನ್ನು ನಂಬಿಸುವ ವಿದ್ಯೆ ಇಬ್ಬರಿಗೂ ಬಂದಿರಲಿಲ್ಲ. ಗವಿಸಿದ್ದೇಶ ಫೋನನ್ನು ಮಗುಚಿಟ್ಟ.

ಸೋಮವಾರ ಭವಾನಿ ಹಸಿರು ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಬೇವೂರಿನ ಬಸ್ಸು ಹತ್ತಿದಳು. ತಾಯಿಗೆ ಮಾಮನ ಊರಿಗೆ ಎಂದಷ್ಟೇ ಹೇಳಿದಳು. ಅಲ್ಲಿ ದೈವದ ಕಟ್ಟೆಯ ಸುತ್ತ ಹಾಡಹಗಲೇ ಊರು ನೆರೆದಿತ್ತು. ಕಟ್ಟೆಯ ಮೇಲೆ ಹಿರಿಯ ಲಕ್ಷ್ಮಣಪ್ಪ, ಅವನ ಪಕ್ಕದಲ್ಲಿ ಕಳಕಪ್ಪ. ಕೆಳಗೆ, ಎಲ್ಲರಿಂದ ಒಂದು ಮಾರು ಈಚೆಗೆ ಫಕೀರಮ್ಮ ಮಣ್ಣಿನಲ್ಲಿ ಕೂತಿದ್ದಳು. ಅವಳಿಗೆ ಇನ್ನೂ ತನ್ನ ತಪ್ಪೇನೆಂದು ಪೂರ್ತಿ ತಿಳಿದಂತೆ ಇರಲಿಲ್ಲ. ಬಂದವರ ಮುಖವನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದಳು, ಯಾರಾದರೂ ಇದು ಚೇಷ್ಟೆ ಎಂದು ನಕ್ಕುಬಿಟ್ಟಾರು ಎಂಬಂತೆ.

ಭವಾನಿ ಮಾಮನ ಮುಖ ನೋಡಲಿಲ್ಲ. ನೋಡಿದ್ದರೆ ಮಾತು ಹೊರಡುತ್ತಿರಲಿಲ್ಲ.

“ಆ ವಿಡಿಯೋದಾಗ ಇರಾಕಿ ಫಕೀರವ್ವ ಅಲ್ರಿ. ನಾನು,” ಎಂದಳು.

ಯಾರೂ ನಂಬಲಿಲ್ಲ. ಕಳಕಪ್ಪ ಗಡಬಡಿಸಿ ಎದ್ದು, “ಏ ಹುಡುಗಿ, ಏನ್ ಹುಚ್ಚುಚ್ಚಾರ ಮಾತಾಡಾಕ ಹತ್ತಿ” ಎಂದ. ಭವಾನಿ ಚೀಲದಿಂದ ಸೀರೆ ತೆಗೆದು ಉಟ್ಟ ಬಟ್ಟೆಯ ಮೇಲೇ ಸುತ್ತಿಕೊಂಡಳು. ಸೆರಗನ್ನು ತಲೆತುಂಬ ಎಳೆದಳು. ಕಟ್ಟೆಗೆ ಒರಗಿದ್ದ ಕಸಬರಿಗೆ ತೆಗೆದುಕೊಂಡು, ಊರಿಗೆ ಬೆನ್ನು ಮಾಡಿ, ಎಡಗೈ ಹಿಂದಿಟ್ಟು, ಮಗ್ಗುಲಿಗೆ ವಾಲಿ, ಕಾಲೆಳೆದು ಕಟ್ಟೆಯ ಮುಂದಿನ ಮಣ್ಣನ್ನು ಗುಡಿಸಿಕೊಂಡು ಹೋದಳು. ಹೆಂಗಸರ ನಡುವೆ ಒಂದು ಕೂಸು ಕಿರುಚಿತು. ಅದರ ತಾಯಿ ಅದರ ಕಣ್ಣು ಮುಚ್ಚಿದಳು.

ತಿರುಗಿ ಸೆರಗು ತೆಗೆದಳು. ಭವಾನಿ ಎಲ್ಲವನ್ನೂ ಹೇಳಿದಳು. ಹಿತ್ತಲ ದಾರಿ, ಕ್ಯಾಮೆರಾ, ನಡಿಗೆಯನ್ನು ಕದ್ದದ್ದು. ಬರೇ ನಾಟಕ, ಯಾರಿಗೂ ಕೇಡು ಬಯಸಿದ್ದಲ್ಲ, ಕೊಟ್ರೇಶ ಸತ್ತದ್ದು ಲಾರಿಯಿಂದ ಎಂದಳು. ಹೇಳುತ್ತಾ ಹೇಳುತ್ತಾ ಎದೆ ಹಗುರವಾಯಿತು. ನಿಜ ಹೇಳಿದ ಮೇಲೆ ಇನ್ನೇನಿದೆ ಎಂದುಕೊಂಡಳು ಪಾಪ.

ಲಕ್ಷ್ಮಣಪ್ಪ ಸಿಟ್ಟಿಗೇಳಲಿಲ್ಲ. ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುವ ಹಾಗೆ ಮೆಲ್ಲಗೆ ಕೇಳಿದ.

“ನಾಟಕಾ ಅಂತಿಯಲ್ಲವಾ ತಂಗಿ. ಕಸಬರಿಗಿ ಖರೇದಿತ್ತೋ, ಸುಳ್ಳದಿತ್ತೋ?”

“ಖರೇದರಿ.”

“ಅಂಗಳಾ?”

“ಖರೇದರಿ.”

“ಆ ಮನಿ ಮಂದಿ ಆವತ್ತು ಹೊರಗ ಹೋಗಿದ್ರಲ್ಲ, ಅದು?”

“ಅದೂ ಖರೇದರಿ.”

“ಮತ್ತ ನಾಟಕ ಯಾವುದವಾ ಇದರಾಗ?” ಎಂದ ಲಕ್ಷ್ಮಣಪ್ಪ.

ಹೆಂಗಸರ ಗುಂಪಿನಿಂದ ಹುಲಗಮ್ಮ ಎದ್ದು ಬಂದಳು. ಮಗ ಹೋದ ಮೇಲೆ ಅವಳು ಮನೆಯಿಂದ ಹೊರಬಿದ್ದದ್ದು ಅಂದೇ ಮೊದಲು. ಭವಾನಿಯ ತೀರಾ ಹತ್ತಿರ ಬಂದು ನಿಂತಳು.

“ನೀಲಿ ಬಾಗಲದ ಮನಿ ನಮ್ದು. ನಮ್ಮ ಅಂಗಳದಾಗ ನೀ ಕಸಾ ಹೊಡದಿ?”

ಇಲ್ಲ ಎನ್ನುವಂತಿರಲಿಲ್ಲ. ಎಲ್ಲರ ಫೋನಿನಲ್ಲೂ ಅದು ಇತ್ತು.

“ಹೊಡದೀನ್ರಿ.”

ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಭವಾನಿ ಕಣ್ಣು ಮುಚ್ಚಿದಳು. ಹುಲಗಮ್ಮ ಎರಡೂ ಮಾಡಲಿಲ್ಲ. ಕಟ್ಟೆಯ ಕಡೆ ತಿರುಗಿ, “ಫಕೀರವ್ವನ್ನ ಬಿಡ್ರಿ. ಅಕಿ ಅಲ್ಲ,” ಎಂದಷ್ಟೇ ಹೇಳಿ ಹೊರಟುಹೋದಳು.

ಭವಾನಿ ಬಂದ ಕೆಲಸ ಆಯಿತು. ಫಕೀರಮ್ಮ ಊರು ಬಿಡಬೇಕಾಗಿಲ್ಲ, ನಾಳೆಯಿಂದ ಶಾಲೆಗೂ ಹೋಗಬಹುದು ಎಂದು ಲಕ್ಷ್ಮಣಪ್ಪ ಹೇಳಿದ. ಆದರೆ ಅವನ ಮಾತು ಮುಗಿಯುವ ಮೊದಲೇ ಊರ ತುಂಬ ಫೋನುಗಳು ಹೊರಬಂದಿದ್ದವು. ಗುಂಪು ಗುಂಪಾಗಿ ತಲೆ ಕೂಡಿಸಿ ಎಲ್ಲರೂ ಖಾಲಿ ಊರು ನೋಡತೊಡಗಿದ್ದರು. ಈ ಸಲ ಯಾರೂ ಆ ಹೆಂಗಸನ್ನು ನೋಡುತ್ತಿರಲಿಲ್ಲ. ತಂತಮ್ಮ ಬಾಗಿಲು ಬರುತ್ತದೋ ಎಂದು ಹುಡುಕುತ್ತಿದ್ದರು. ನಮ್ಮದಿಲ್ಲ, ನಮ್ಮದಿಲ್ಲ ಎಂಬ ಪಿಸುಮಾತು. ನಡುವೆ ಯಾರೋ ಒಬ್ಬರು ಸುಮ್ಮನಾಗಿಬಿಡುತ್ತಿದ್ದರು. ಹಾಗೆ ಸುಮ್ಮನಾದವರು ತಲೆಯೆತ್ತಿ ಭವಾನಿಯನ್ನು ನೋಡುವ ನೋಟ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಅದರಲ್ಲಿ ಸಿಟ್ಟು ಇದ್ದಿದ್ದರೆ ತಾಳುತ್ತಿದ್ದಳೇನೋ. ಬರೀ ಹೆದರಿಕೆ ಇತ್ತು.

ಕಳಕಪ್ಪನೂ ಪಕ್ಕದವನ ಫೋನಿನಲ್ಲಿ ಕೊನೆಯವರೆಗೆ ನೋಡಿದ. ತನ್ನ ಅಂಗಳ ಎಲ್ಲೂ ಕಾಣಲಿಲ್ಲ. ನಿಟ್ಟುಸಿರು ಬಿಟ್ಟು, “ಸಂಜಿ ಬಸ್ಸಿಗೆ ಹೋಗಿಬಿಡವಾ. ನಿಂದರಬ್ಯಾಡ ಇಲ್ಲಿ,” ಎಂದ. ಮನೆಗೆ ಬಾ, ಚಹಾ ಕುಡಿ ಎನ್ನಲಿಲ್ಲ. ಸೋದರಮಾವನ ಮನೆ ಬಾಗಿಲು ತನಗೆ ಮುಚ್ಚಿತು ಎಂದು ಅವಳಿಗೆ ಆಗಲೇ ತಿಳಿಯಿತು.

ಬಸ್ಸು ನಿಲ್ಲುವಲ್ಲಿ ಒಬ್ಬಳೇ ನಿಂತಿದ್ದಾಗ ಫಕೀರಮ್ಮ ಕಾಲೆಳೆಯುತ್ತ ಬಂದಳು. ಭವಾನಿ ಅವಳ ಕಾಲಿಗೆ ಬೀಳಹೋದಳು. ಆಕೆ ಗಾಬರಿಯಾಗಿ ಹಿಂದೆ ಸರಿದಳು.

“ಬ್ಯಾಡ್ರಿ ಯವ್ವಾ, ನೀವು ನನ್ನ ಕಾಲಿಗೆ ಬೀಳೂದೇನು. ನೀವು ಬಂದು ಹೇಳಿದ್ದಕ್ಕ ನಾ ಉಳದೆ. ನಿಮ್ಮ ಹೊಟ್ಟಿ ತಣ್ಣಗಿರಲಿ.” ಆಚೀಚೆ ನೋಡಿ ದನಿ ತಗ್ಗಿಸಿದಳು. “ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಕೂಡ ಫೋನಿಲ್ಲ. ನಮ್ಮ ಮನಿ ಮುಂದ ಕಸಾ ಹೊಡದಿರೇನ್ರಿ?”

ಭವಾನಿಗೆ ಅಳು ಬಂತು. “ಇಲ್ಲ ಫಕೀರವ್ವಾ. ನಿಮ್ಮ ಓಣಿಗೆ ನಾ ಬಂದೇ ಇಲ್ಲ.” ಅದು ನಿಜ. ತಗಡಿನ ಮನೆಗಳು ವಿಡಿಯೋಕ್ಕೆ ಚೆನ್ನಾಗಿ ಕಾಣುವುದಿಲ್ಲ ಎಂದು ಗವಿಸಿದ್ದೇಶ ಆ ಕಡೆ ಹೋಗಲು ಒಪ್ಪಿರಲಿಲ್ಲ.

ಫಕೀರಮ್ಮನ ಮುಖ ಅರಳಿತು. ಆದರೂ ಹೋಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

“ನನ್ನ ಮಗಾ ಹುಸೇನಪ್ಪ ಆವಾಗ ನಿಮ್ಮ ಮಾಮಾರ ಟ್ರ್ಯಾಕ್ಟರ್ ಹೊಡೀತಿದ್ದ. ಹೊರಬೀಡಿನ ಹಿಂದಿನ ರಾತ್ರಿ ಅಲ್ಲೇ ಮಲಗಿ, ಮುಂಜಾನೆ ಅವರ ಅಂಗಳದಿಂದನ ಟ್ರ್ಯಾಕ್ಟರ್ ತಗೊಂಡು ಹೊಲಕ್ಕ ಬಂದಾನ. ಈಗ ನವಲಿ ಕಡೆ ನೆಲ್ಲಿನ ಸುಗ್ಗಿಗೆ ಹೋಗ್ಯಾನ. ಒಬ್ಬಂವ ಅದಾನ್ರಿ ನನಗ. ಅವರ ಅಂಗಳದಾಗ ಏನರ…”

ಈ ತುದಿಯಿಂದ ಆ ತುದಿಯವರೆಗೆ. ಒಂದೇ ಉಸಿರಿನಲ್ಲಿ. ಅದು ಇನ್ನೂ ಯಾರಿಗೂ ತೋರಿಸದ ಕೊನೆಯ ಕಂತಿನಲ್ಲಿತ್ತು.

“ಅಲ್ಲೂ ಇಲ್ಲ,” ಎಂದಳು ಭವಾನಿ.

“ಖರೇನ?”

“ಖರೇನ. ಮಾಮಾನೂ ನೋಡ್ಯಾರಲ್ಲ, ಅವರನ್ನ ಕೇಳ್ರಿ ಬೇಕಾದ್ರ.”

ಫಕೀರಮ್ಮ ಎರಡೂ ಕೈಯಿಂದ ಅವಳ ಮುಖ ನೀವಿ ಲಟಿಗೆ ಮುರಿದಳು. ಅಷ್ಟು ಸಣ್ಣ ಮಾತಿಗೆ ಅಷ್ಟು ದೊಡ್ಡ ಖುಷಿಯನ್ನು ಭವಾನಿ ಯಾರ ಮುಖದ ಮೇಲೂ ನೋಡಿರಲಿಲ್ಲ. ನಿಜ ಹೇಳಲು ಬಂದವಳು ಸುಳ್ಳು ಹೇಳಿ ಬಸ್ಸು ಹತ್ತಿದಳು.

ಕೊಪ್ಪಳ ಮುಟ್ಟಿದವಳೇ ಕೊನೆಯ ಕಂತನ್ನು ಅಳಿಸಿದಳು, ಗವಿಸಿದ್ದೇಶನ ಹತ್ತಿರ ಇದ್ದದ್ದನ್ನೂ ಅಳಿಸಿದಳು. ಅವನು ತಕರಾರು ಮಾಡಲಿಲ್ಲ. ಚಾನೆಲ್ಲನ್ನೂ ಮುಚ್ಚಿದರು. ಆದರೆ ವಿಡಿಯೋ ಅಳಿಸಿದರೆ ಅಂಗಳ ಗುಡಿಸದಂತಾಗುತ್ತದೆಯೇ? ಇಂಥ ಪ್ರಶ್ನೆ ತನ್ನ ತಲೆಗೆ ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು. ತಾನು ನಂಬುವವಳಲ್ಲ. ಆ ಅಂಗಳದಿಂದ ಅಂದು ತಾಯಿಯೂ ಹೊರಟಿದ್ದಳು, ಮಾಮನೂ, ಗವಿಸಿದ್ದೇಶನೂ, ತಾನೂ. ಎಲ್ಲರೂ ಗಟ್ಟಿಮುಟ್ಟಾಗಿ ಕಣ್ಣ ಮುಂದೆ ಇದ್ದರು. ಕಣ್ಣ ಮುಂದೆ ಇಲ್ಲದವನು ಹುಸೇನಪ್ಪ ಒಬ್ಬನೇ.

ಅವನ ನಂಬರ್ ತಾಯಿಯ ಫೋನಿನಲ್ಲಿ ಸಿಕ್ಕಿತು. ಹಿಂದೆ ಯಾವಾಗಲೋ ಊರಿಂದ ಜೋಳದ ಚೀಲ ತಂದುಕೊಟ್ಟಾಗ ಬರೆದುಕೊಂಡದ್ದು. ಸುಮ್ಮನೆ ಒಮ್ಮೆ ಎಂದು ತನ್ನ ಫೋನಿನಿಂದ ಮಾಡಿದಳು. ಹಿಂದೆ ಟ್ರ್ಯಾಕ್ಟರಿನ ಸದ್ದು, ತೆಲುಗು ಮಾತು, ನಡುವೆ ಗಟ್ಟಿಯಾದ ದನಿ, “ಹಲೋ, ಯಾರ್ರಿ?” ಜೀವ ಬಂದಂತಾಗಿ, ರಾಂಗ್ ನಂಬರ್ ಎಂದು ಇಟ್ಟಳು. ಮರುದಿನವೂ ಮಾಡಿದಳು. ಆಮೇಲೆ ಅದೊಂದು ರೂಢಿಯಾಯಿತು. ಸ್ಟುಡಿಯೋದಲ್ಲಿ ಊಟದ ಡಬ್ಬಿ ತೆರೆಯುವ ಮೊದಲು ಒಂದು ಸಲ ಆ ದನಿ ಕೇಳಬೇಕು. ಕೇಳಿದರೆ ಅನ್ನ ಇಳಿಯುತ್ತಿತ್ತು.

“ಯಾರವಾ ನೀ?” ಎಂದು ಕಡೆಗೊಂದು ದಿನ ಹುಸೇನಪ್ಪ ರೇಗಿದ. “ದಿನಾ ಫೋನ್ ಹಚ್ಚಿ ಸುಮ್ಮನ ಇರ್ತಿ. ಮಾಡಾಕ ಬ್ಯಾರೆ ಕೆಲಸ ಇಲ್ಲೇನು? ಇನ್ನೊಮ್ಮೆ ಮಾಡಿದ್ರ ಬ್ಲಾಕ್ ಮಾಡ್ತೀನಿ ನೋಡು.”

ಮಾರನೆಯ ದಿನ ಅವಳು ಮಾಡಿದಳು. ಹತ್ತಲಿಲ್ಲ. ಸಂಜೆಯೂ ಹತ್ತಲಿಲ್ಲ. ಆ ವಾರವೆಲ್ಲ ಹತ್ತಲಿಲ್ಲ.

ಬ್ಲಾಕ್ ಮಾಡಿದ್ದಾನೆ. ಹೇಳಿಯೇ ಮಾಡಿದ್ದಾನೆ. ಅಷ್ಟು ಸಿಟ್ಟು ಬಂದವನು ಮಾಡದೆ ಇರುತ್ತಾನೆಯೇ ಎಂದು ಭವಾನಿ ದಿನಾ ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಮಾಮನನ್ನು ಕೇಳಿದರೆ, ಅವನ ಮೇಲೆ ನಿನಗೇಕೆ ಇಷ್ಟು ಕಾಳಜಿ ಎಂದು ಆತ ಕೇಳುತ್ತಾನೆ, ಆಮೇಲೆ ಆ ಪ್ರಶ್ನೆ ಫಕೀರಮ್ಮನ ಕಿವಿಗೂ ಮುಟ್ಟುತ್ತದೆ. ಬೇರೆ ಫೋನಿನಿಂದ ಮಾಡಿ ನೋಡುವುದು ಒಂದು ನಿಮಿಷದ ಕೆಲಸ. ತಾಯಿಯ ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಬಿದ್ದಿರುತ್ತದೆ. ಅದರಿಂದ ಮಾಡಿ, ಅದೂ ಹತ್ತದಿದ್ದರೆ?

ಭವಾನಿ ಆ ಫೋನನ್ನು ಇನ್ನೂ ಮುಟ್ಟಿಲ್ಲ.